ಎರಡನೇ ಗೀಟು

ಲೆಕ್ಕದ ಟೀಚರಿಗೆ ಶಾಲೆಯ ಮಕ್ಕಳು ಇಟ್ಟ ಅಡ್ಡಹೆಸರು ಕೆಂಪಿಂಕು. ಇದು ಟೀಚರಿಗೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಒಳಗೊಳಗೆ ಹೆಮ್ಮೆಯೇ ಇತ್ತೆನ್ನಿ. ಇಪ್ಪತ್ತಾರು ವರ್ಷ ತಪ್ಪು ತಿದ್ದಿ ತಿದ್ದಿ ಪಳಗಿದ ಕೈ ಅದು. ತಪ್ಪು ಕಂಡರೆ ಸಾಕು, ಒಡತಿಯ ಅಪ್ಪಣೆಗೂ ಕಾಯುತ್ತಿರಲಿಲ್ಲ. ಮದುವೆಯ ಕರೆಯೋಲೆ, ಔಷಧಿ ಪೊಟ್ಟಣದ ಮೇಲಿನ ಸೂಚನೆ, ಪರವೂರಿನಲ್ಲಿ ಓದುತ್ತಿದ್ದ ಮಗಳು ಬರೆದ ಕಾಗದ, ಯಾವುದನ್ನೂ ಬಿಟ್ಟದ್ದಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದುಹೋದ ವೇಳೆ ಬರೆದಿಡುವ ಕೆಲಸದಲ್ಲಿದ್ದ ಗಂಡ ಚುಡಾಯಿಸುವುದಿತ್ತು. "ನಾನು ಸತ್ತಾಗ ಪೇಪರಿಗೆ ಕೊಡೋ ಸುದ್ದೀನ ಬೇರೆಯವರ ಕೈಲಿ ಬರೆಸು ಕಣೇ. ನೀನು ತಿದ್ದುತ್ತಾ ಕೂತ್ರೆ ಕಾದು ಕಾದು ನಾನೇ ಎದ್ದು ಬರಬೇಕಾಗುತ್ತೆ."

ಆ ಕೈ ಒಂದು ಶುಕ್ರವಾರ ಟೀಚರಿಗೇ ಕೈಕೊಟ್ಟಿತು. ಅದೂ ಎಲ್ಲಿ ಅಂದರೆ, ಒಬ್ಬ ಹುಡುಗಿ ತನ್ನ ಮನೆಯಲ್ಲಿ ಇರುತ್ತಾಳೋ ಮನೆ ಬಿಡುತ್ತಾಳೋ ಅನ್ನುವುದು ತೀರ್ಮಾನವಾಗಬೇಕಿದ್ದ ಕಾಗದದ ಮೇಲೆ.

ಹುಡುಗಿಗೆ ಹದಿಮೂರು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಆರನೇ ವಯಸ್ಸಿನಿಂದ ಇನ್ನೂರು ಕಿಲೋಮೀಟರ್ ದೂರದ ಅಂಧ ಮಕ್ಕಳ ಹಾಸ್ಟೆಲಿನಲ್ಲಿ ಬೆಳೆದವಳು. ಈ ವರ್ಷ ಅವಳ ತಾಯಿ, ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು, ಹಟ ಹಿಡಿದು ಮಗಳನ್ನು ಕರೆತಂದು ಮನೆಯ ಹತ್ತಿರದ ಈ ಶಾಲೆಗೆ ಸೇರಿಸಿದ್ದಳು. ಹೆಡ್ಮಾಸ್ಟರು ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ. ತಾಯಿಯ ಕೈಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು: ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಮೂವತ್ತೈದು ಬಂದರೆ ಇಲ್ಲೇ ಮುಂದುವರಿಕೆ, ಒಂದರಲ್ಲಿ ತಪ್ಪಿದರೂ ವಾಪಸು ಹಾಸ್ಟೆಲಿಗೆ. ಅದೇ ತರಗತಿಯ ಕೊನೇ ಬೆಂಚಿನ ನಾಲ್ವರು ಮೂರು ವರ್ಷದಿಂದ ಲೆಕ್ಕದಲ್ಲಿ ನಪಾಸಾಗುತ್ತ ಬಂದು ಸುಖವಾಗಿದ್ದರು. ಅವರ ಅಪ್ಪ ಅಮ್ಮನಿಂದ ಯಾರೂ ಸಹಿ ಕೇಳಿರಲಿಲ್ಲ.

ಮೊದಲ ದಿನದ ಕಥೆಯನ್ನು ಹೇಳದಿದ್ದರೆ ಆಗದು. ಟೀಚರು ಯಾವತ್ತಿನ ಹಾಗೆ ಬೋರ್ಡಿನ ಮೇಲೆ ಸಮೀಕರಣ ಬರೆದು, ಯಾವತ್ತಿನ ಹಾಗೆ ಹೇಳಿದರು. "ನೋಡಿ, ಇದನ್ನ ಎತ್ತಿ ಇಲ್ಲಿಗೆ ಹಾಕಿದ್ರೆ ಇದು ಹೋಗುತ್ತೆ, ಅದು ಬರುತ್ತೆ. ಮುಗೀತು."

ಎರಡನೇ ಬೆಂಚಿನಿಂದ ತಣ್ಣನೆಯ ದನಿ ಬಂತು. "ಟೀಚರ್, ಏನನ್ನ ಎತ್ತಿ ಎಲ್ಲಿಗೆ ಹಾಕಿದ್ರಿ?"

ತರಗತಿ ಗೊಳ್ಳೆಂದಿತು. ಟೀಚರು ಸ್ಟಾಫ್ ರೂಮಿಗೆ ಬಂದು ಉರಿದುಬಿದ್ದರು. ಕಣ್ಣು ಕಾಣದ ಮಗುವಿಗೆ ಬೀಜಗಣಿತ ಹೇಳಿಕೊಡುವುದಕ್ಕೆ ತನಗೆ ಯಾರು ತರಬೇತಿ ಕೊಟ್ಟಿದ್ದಾರೆ, ಸಹಿ ಹಾಕಿಸಿಕೊಂಡವರೇ ಬಂದು ಹೇಳಿಕೊಡಲಿ ಎಂದರು. ಆದರೆ ಆ ಪ್ರಶ್ನೆ ಕಾಲಿಗೆ ಹೊಕ್ಕ ಮುಳ್ಳಿನಂತೆ ಉಳಿದುಬಿಟ್ಟಿತು. ಇಪ್ಪತ್ತಾರು ವರ್ಷದಿಂದ ತಾನು ಪಾಠ ಮಾಡಿದ್ದು ಬಾಯಿಂದಲ್ಲ, ಬರಿಯ ಬೆರಳಿಂದ ಎಂಬುದು ಅವರಿಗೆ ಅವತ್ತು ಹೊಳೆಯಿತು. ಮೂರು ವಾರದಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದನ್ನು ಕಲಿತರು. ಬಟ್ಟೆ ತೂಗುಹಾಕುವ ಹ್ಯಾಂಗರಿನ ಎರಡು ತುದಿಗೆ ತಟ್ಟೆ ಕಟ್ಟಿ ತಕ್ಕಡಿ ಮಾಡಿ ತಂದರು, ಹುಡುಗಿಯ ಕೈ ಹಿಡಿದು ಎರಡೂ ಕಡೆ ಸಮವೆಂದರೇನು ಎಂದು ಮುಟ್ಟಿಸಿ ತೋರಿಸಿದರು. ಸಮ ಚಿಹ್ನೆ ದಾಟಿ ಆಚೆ ಹೋಗುವ ಸಂಖ್ಯೆ ಪ್ಲಸ್ ಇದ್ದದ್ದು ಮೈನಸ್ ಆಗಬೇಕು, ಮೈನಸ್ ಇದ್ದದ್ದು ಪ್ಲಸ್ ಆಗಬೇಕು. ಅದಕ್ಕೆ ಟೀಚರದೇ ಒಂದು ಮಾತಿತ್ತು: "ಗಡಿ ದಾಟಿದ ಮೇಲೆ ವೇಷ ಬದಲಾಯಿಸಬೇಕು."

ಹುಡುಗಿ ಎಲ್ಲವನ್ನೂ ಹಿಡಿದಳು, ಈ ಒಂದನ್ನು ಬಿಟ್ಟು. ಅವಸರದಲ್ಲಿದ್ದಾಗ ಸಂಖ್ಯೆಯನ್ನು ವೇಷ ಬದಲಿಸದೆಯೇ ಗಡಿ ದಾಟಿಸಿಬಿಡುತ್ತಿದ್ದಳು. ಮಿಕ್ಕಂತೆ ಜಾಣೆ, ಬಾಯಿಬಡುಕಿ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲ ಮೇಷ್ಟರುಗಳ ದನಿಯನ್ನೂ ಅನುಕರಿಸಿ ತೋರಿಸುತ್ತಿದ್ದಳು. ಹಾಗಾಗಿ ತರಗತಿ ಅವಳನ್ನು ರೇಡಿಯೋ ಎಂದು ಕರೆಯಿತು. ಹಾಸ್ಟೆಲಿನಲ್ಲಿ ಏಳು ವರ್ಷ ನಂಬರಿನಿಂದ ಕರೆಸಿಕೊಂಡಿದ್ದವಳಿಗೆ ಆ ಹೆಸರು ಬಹಳ ಇಷ್ಟವಾಯಿತು.

ಶುಕ್ರವಾರ ಲೆಕ್ಕದ ಪರೀಕ್ಷೆ. ರೇಡಿಯೋ ಬಾಯಲ್ಲಿ ಹೇಳಬೇಕು, ಕೆಳಗಿನ ತರಗತಿಯ ಒಬ್ಬ ಹುಡುಗಿ ಬರೆದುಕೊಡಬೇಕು, ಅದು ಏರ್ಪಾಡು. ಬರೆದುಕೊಡುವ ಹುಡುಗಿ ಹಿಂದಿನ ದಿನವೇ ಜ್ವರ ಬಂದು ಮಲಗಿದಳು. ಹೆಡ್ಮಾಸ್ಟರು ಗಡಿಯಾರ ನೋಡಿಕೊಂಡು, "ನೀವೇ ಕೂತು ಬರೆದುಬಿಡಿ, ಶಾಲೆಯೊಳಗಿನ ಪರೀಕ್ಷೆ ತಾನೆ," ಎಂದರು. ಬರೆದುಕೊಡುವವರು ಆ ವಿಷಯ ಬಲ್ಲವರಾಗಿರಬಾರದು ಎಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ಆದರೆ ಗಂಟೆ ಬಾರಿಸಿ ಆಗಿತ್ತು.

ಪ್ರಯೋಗಶಾಲೆಯ ಮೂಲೆಯಲ್ಲಿ ಇಬ್ಬರೇ ಕೂತರು. ಹುಡುಗಿ ಹೇಳುತ್ತ ಹೋದಳು, ಟೀಚರು ಬರೆಯುತ್ತ ಹೋದರು. ಐದನೇ ಪ್ರಶ್ನೆ, ನಾಲ್ಕು ಅಂಕದ್ದು. ಐದು ಎಕ್ಸ್ ಮೈನಸ್ ಹನ್ನೆರಡು ಸಮ ಇಪ್ಪತ್ತಮೂರು. ಎಕ್ಸ್ ಎಷ್ಟು?

"ಐದು ಎಕ್ಸ್ ಸಮ," ಎಂದಳು ಹುಡುಗಿ, ತುಟಿ ಕಚ್ಚಿಕೊಂಡು. "ಇಪ್ಪತ್ತಮೂರು ಮೈನಸ್ ಹನ್ನೆರಡು."

ಪೆನ್ನು ಓಡಿತು.

"ಆ ಸಾಲು ಒಂದ್ಸಲ ಓದಿ ಟೀಚರ್."

ಟೀಚರು ಓದಿದರು. "ಐದು ಎಕ್ಸ್ ಸಮ ಇಪ್ಪತ್ತಮೂರು ಪ್ಲಸ್ ಹನ್ನೆರಡು."

ಹುಡುಗಿ ಸುಮ್ಮನಾದಳು. ಆಮೇಲೆ ಸಣ್ಣ ದನಿಯಲ್ಲಿ, "ಐದು ಎಕ್ಸ್ ಸಮ ಮೂವತ್ತೈದು. ಎಕ್ಸ್ ಸಮ ಏಳು," ಎಂದಳು. ಆಗ ಟೀಚರಿಗೆ ಏನೂ ಅನ್ನಿಸಲಿಲ್ಲ. ಸರಿಯಾದ ಉತ್ತರ ಕೇಳಿ ಅವರಿಗೆ ಖುಷಿಯಾಗಿತ್ತು.

ಶನಿವಾರ ರಜೆ. ಬೆಳಿಗ್ಗೆ ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದವರು ಮೊದಲು ಎತ್ತಿಕೊಂಡದ್ದೇ ರೇಡಿಯೋಳದನ್ನು. ತಿದ್ದಿ ಅಂಕ ಕೂಡಿದರು. ಮೂವತ್ತಾರು. ಮತ್ತೆ ಕೂಡಿದರು. ಮೂವತ್ತಾರೇ. ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದು, ನೋಡುವ ಆಸೆಗೆ ಇನ್ನೊಮ್ಮೆ ಹಾಳೆ ತಿರುವಿದರು. ಐದನೇ ಪ್ರಶ್ನೆಯ ಹತ್ತಿರ ಕಣ್ಣು ನಿಂತಿತು. ಆ ಪ್ಲಸ್ ಚಿಹ್ನೆ ಅವರ ಪ್ಲಸ್ಸಿನ ಹಾಗಿರಲಿಲ್ಲ. ಅವರು ಯಾವಾಗಲೂ ನಿಂತ ಗೀಟನ್ನು ಮೊದಲು ಎಳೆದು ಆಮೇಲೆ ಅಡ್ಡಗೀಟು ಎಳೆಯುವವರು. ಇದರಲ್ಲಿ ಅಡ್ಡಗೀಟು ಮೊದಲು ಬಿದ್ದಿತ್ತು, ಇಂಕು ಒಣಗುವ ಮುಂಚೆ ಅದನ್ನು ಸೀಳಿಕೊಂಡು ನಿಂತ ಗೀಟು ಬಂದಿತ್ತು, ಸ್ವಲ್ಪ ವಾರೆಯಾಗಿ, ಅವಸರದಲ್ಲಿ.

ಹುಡುಗಿಯ ಮಾತು ಈಗ ಕಿವಿಗೆ ಬಿತ್ತು, ಒಂದು ದಿನ ತಡವಾಗಿ. ಅವಳು ಹೇಳಿದ್ದು ಮೈನಸ್. ಕಿವಿ ಅದನ್ನು ಕೇಳಿ ಮೈನಸ್ಸೇ ಬರೆಸಿತ್ತು. ತಿದ್ದಿದ್ದು ಕೈ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ. ಅವಳು ಹೇಳಿದ್ದನ್ನೇ ಬರೆದಿದ್ದರೆ ಆ ಲೆಕ್ಕಕ್ಕೆ ನಾಲ್ಕರ ಬದಲು ಒಂದು ಅಂಕ. ಆಗ ಒಟ್ಟು ಮೂವತ್ತಮೂರು. ಮೂವತ್ತಮೂರು ಅಂದರೆ ಹಾಸ್ಟೆಲು.

ಬರೆದವರೂ ತಾನೇ, ಅಂಕ ಹಾಕಿದವರೂ ತಾನೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗಿತ್ತು.

ಅವತ್ತಿಡೀ ಟೀಚರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದರು. ಡಬ್ಬಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರು, ಆಮೇಲೆ ಸಣ್ಣದರಿಂದ ದೊಡ್ಡದಕ್ಕೆ. ಉಳಿದ ಉತ್ತರಪತ್ರಿಕೆಗಳಲ್ಲಿ ಒಂದನ್ನೂ ತಿದ್ದಲಿಲ್ಲ. ಕೆಂಪು ಪೆನ್ನು ಮುಟ್ಟಿದರೆ ಬೆರಳು ಚುರ್ರೆನ್ನುತ್ತಿತ್ತು.

"ಏನಾಗಿದೆ ನಿನಗೆ? ಮನೇನೇ ಬಸ್ ಸ್ಟ್ಯಾಂಡ್ ಮಾಡಿಟ್ಟಿದ್ದೀಯಲ್ಲ," ಎಂದ ಗಂಡ.

ಟೀಚರು ಹೇಳಿದರು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇಷ್ಟುದ್ದದ ಒಂದು ಗೀಟು. ಇದಕ್ಕೆ ಇಷ್ಟು ಸಂಕಟನಾ? ಬಸ್ಸು ಮೂರು ನಿಮಿಷ ತಡವಾಗಿ ಬಂದ್ರೂ ನಾನು ಸರಿಯಾದ ಹೊತ್ತಿಗೆ ಬಂತು ಅಂತಾನೇ ಬರೀತೀನಿ. ಡ್ರೈವರ್ರೂ ಮನುಷ್ಯ ತಾನೆ. ಯಾರಿಗೆ ಏನು ನಷ್ಟ ಆಯ್ತು ಹೇಳು."

"ಬಸ್ಸಿಗೆ ಗೊತ್ತಾಗಲ್ಲ," ಎಂದರು ಟೀಚರು.

"ಇದು ಯಾರಿಗೆ ಗೊತ್ತಾಗುತ್ತೆ? ನೀನು ಬಾಯಿ ಬಿಟ್ರೆ ಆ ಮಗು ಮನೆ ಬಿಟ್ಟು ಹೋಗುತ್ತೆ. ಅದು ನಿನಗೆ ಬೇಕಾ?"

ಬೇಕಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಹುಡುಗಿ ಹೋಗುತ್ತಾಳೆ. ಹೇಳದಿದ್ದರೆ ಇರುತ್ತಾಳೆ. ಆದರೆ ನಾಳೆಯಿಂದ ಅವಳು ಎರಡನೇ ಬೆಂಚಿನಲ್ಲಿ ಕೂತು ಕೇಳುವ ಒಂದೊಂದು ಪ್ರಶ್ನೆಗೂ ತಾನು ಬೋರ್ಡಿನ ಕಡೆ ಮುಖ ಮಾಡಿಯೇ ಉತ್ತರ ಕೊಡಬೇಕಾಗುತ್ತದೆ. ಅವಳಿಗೆ ತನ್ನ ಮುಖ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದರು, ಆ ಯೋಚನೆಗೇ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ, ಸುಮ್ಮನೆ ಹೋಗಿ ಬರುತ್ತೇನೆಂದು ತಮಗೇ ಸುಳ್ಳು ಹೇಳಿಕೊಂಡು ಹುಡುಗಿಯ ಮನೆಗೆ ಹೋದರು. ಒಂದು ಮಹಡಿ ಮೇಲಿನ ಎರಡು ಕೋಣೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ನೆಲದ ತುಂಬ ನೀಲಿ ಬಟ್ಟೆಯ ಚೂರು. ತಾಯಿ ಯಂತ್ರ ತುಳಿಯುತ್ತಿದ್ದಳು. ಹುಡುಗಿ ಗೋಡೆಗೊರಗಿ ಕೂತು ನಾಲ್ಕು ವರ್ಷದ ತಂಗಿಯ ಜಡೆ ಹೆಣೆಯುತ್ತಿದ್ದಳು.

"ಅಮ್ಮ, ಕೆಳಗಿನ ನೂಲು ಮುಗೀತು," ಎಂದಳು ಹುಡುಗಿ, ತಲೆಯೆತ್ತದೆ.

ತಾಯಿ ಬಾಬಿನ್ ತೆಗೆದು ನೋಡಿದರೆ ಖಾಲಿ. "ನೋಡಿ ಟೀಚರ್, ನನಗೆ ಕಣ್ಣಿದ್ದು ಏನುಪಯೋಗ. ಇವಳು ಬಂದ ಮೇಲೆ ಒಂದು ಬಟ್ಟೇನೂ ಕೆಟ್ಟಿಲ್ಲ." ಅವಳು ಸ್ಟೂಲು ಒರೆಸಿ ಕೊಟ್ಟಳು, ನೀರು ಕೊಟ್ಟಳು, ಕೃತಜ್ಞತೆ ಹೇಳಿ ಹೇಳಿ ಟೀಚರಿಗೆ ಉಸಿರು ಕಟ್ಟಿಸಿದಳು. ಮಂಚದ ಕೆಳಗಿದ್ದ ತಗಡಿನ ಪೆಟ್ಟಿಗೆ ತೋರಿಸಿದಳು. ಹಾಸ್ಟೆಲಿನ ಪೆಟ್ಟಿಗೆಯಂತೆ ಅದು. ಈಗ ಅದರಲ್ಲಿ ಗುಂಡಿ, ಕತ್ತರಿ, ಬಟ್ಟೆ ಚೂರು ತುಂಬಿಟ್ಟಿದ್ದಾಳಂತೆ. ಇನ್ನು ಅದರ ಕೆಲಸವಿಲ್ಲವಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು. "ಪರೀಕ್ಷೆ ಆದಾಗಿಂದ ಇವಳು ಮಾತೇ ಆಡ್ತಿಲ್ಲ ಟೀಚರ್. ಹೊಟ್ಟೆಗೂ ಸರಿಯಾಗಿ ತಿಂತಿಲ್ಲ. ಚೆನ್ನಾಗಿ ಬರೆದಿದ್ದಾಳೆ ತಾನೆ?"

ಟೀಚರು ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದರು.

"ನಾನು ಟೀಚರ್ನ ಬಸ್ ಸ್ಟಾಪಿನವರೆಗೆ ಬಿಟ್ಟು ಬರ್ತೀನಿ," ಎಂದು ಹುಡುಗಿ ಎದ್ದು ಕೋಲು ಹುಡುಕಿಕೊಂಡಳು. ಯಾರು ಯಾರನ್ನು ಬಿಡಬೇಕೋ ಎಂದು ತಾಯಿ ನಕ್ಕಳು.

ಬೀದಿಯಲ್ಲಿ ಇಬ್ಬರೂ ಜೊತೆಯಾಗಿ ನಡೆದರು. ಕೋಲು ಚರಂಡಿಯ ಅಂಚನ್ನು ಟಕಟಕ ತಟ್ಟುತ್ತ ಹೋಗುತ್ತಿತ್ತು. ಬೀಗದ ಅಂಗಡಿ ದಾಟಿದ ಮೇಲೆ ಹುಡುಗಿಯೇ ಕೇಳಿದಳು.

"ಐದನೇ ಲೆಕ್ಕ ತಾನೆ?"

ಟೀಚರು ನಿಂತುಬಿಟ್ಟರು. "ನಿನಗೆ ಗೊತ್ತಿತ್ತಾ?"

"ಎರಡು ಗೀಟು ಕೇಳಿಸ್ತು. ಮೈನಸ್ಸಿಗೆ ಒಂದೇ ಗೀಟು. ನಿಮ್ಮ ಪೆನ್ನು ಒಂದು ಎಳೀತು, ಆಮೇಲೆ ಇನ್ನೊಂದು ಎಳೀತು. ಅದಕ್ಕೇ ಓದಿ ಅಂದೆ. ನೀವು ಪ್ಲಸ್ ಅಂತ ಓದಿದ್ರಿ."

"ಆಗಲೇ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ಹಾಸ್ಟೆಲ್ಲು." ಹುಡುಗಿ ಕೋಲಿನಿಂದ ಒಂದು ಕಲ್ಲನ್ನು ತಳ್ಳಿದಳು. "ತಂಗಿ ನನ್ನ ಪಕ್ಕ ಮಲಗಿದ್ರೆ ನಿದ್ದೇಲಿ ಒದೀತಾಳೆ. ಅದು ಈ ವರ್ಷ ಗೊತ್ತಾಯ್ತು ನನಗೆ. ಅಲ್ಲಿವರೆಗೂ ನನಗೆ ಅವಳು ಫೋನಲ್ಲಿ ಅಳೋ ಸದ್ದು, ಅಷ್ಟೇ. ಅದಕ್ಕೆ ಸುಮ್ಮನಿದ್ದೆ."

"ನಾನು ಬೇಕೂ ಅಂತ ಮಾಡಲಿಲ್ಲ ಕಣೇ. ನನ್ನ ಕೈ..."

"ಗೊತ್ತು. ಬೇಕೂ ಅಂತ ಮಾಡಿದ್ರೆ ಎರಡು ಗೀಟಿನ ಮಧ್ಯೆ ಸ್ವಲ್ಪ ನಿಲ್ಲಿಸ್ತಿದ್ರಿ." ಅವಳ ಮುಖ ಕೆಂಪಾಯಿತು. "ಆದ್ರೂ ಸಿಟ್ಟು ಬಂತು ಟೀಚರ್. ಬೇರೆಯವರೆಲ್ಲ ಬರೆದಾದ ಮೇಲೆ ಮೇಲಿಂದ ಕೆಳಕ್ಕೆ ಕಣ್ಣಾಡಿಸ್ತಾರಲ್ಲ, ನಾನು ಓದಿ ಅನ್ನೋದು ಅದಕ್ಕೇ. ತಪ್ಪು ಹೇಳಿದ್ರೆ ಕೇಳಿದಾಗ ನನಗೆ ಹೊಳೆಯುತ್ತೆ. ನಾನು ಹೇಳಿದ್ದನ್ನೇ ನೀವು ಓದಿದ್ರೆ ನಾನೇ ಹಿಡೀತಿದ್ದೆ. ಅಥವಾ ಹಿಡೀತಿರಲಿಲ್ಲ. ಈಗ ಅದು ಗೊತ್ತೇ ಆಗಲ್ಲ."

ಟೀಚರಿಗೆ ಕಣ್ಣು ತುಂಬಿಬಂತು. ಮೂರು ಅಂಕ ಕೊಟ್ಟೆನೆಂದು ಎರಡು ದಿನದಿಂದ ಒದ್ದಾಡುತ್ತಿದ್ದರು. ಕೊಟ್ಟದ್ದು ಅಷ್ಟೇ ಅಲ್ಲ, ಕಿತ್ತುಕೊಂಡದ್ದೂ ಇತ್ತು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ. ತನ್ನ ತಪ್ಪನ್ನು ತಾನೇ ಕಂಡುಹಿಡಿಯುವ ಸಣ್ಣ ಅವಕಾಶ, ಪ್ರತಿಯೊಂದು ಮಗುವಿಗೂ ಇರುವಂಥದ್ದು, ಅದನ್ನೇ ಅವಳ ಕೈಯಿಂದ ಕಸಿದುಕೊಂಡಿದ್ದರು.

"ನಾಳೆ ಹೆಡ್ಮಾಸ್ಟರಿಗೆ ಹೇಳಲಾ?" ಎಂದು ಕೇಳಿದರು.

"ನನ್ನ ಕೇಳಬೇಡಿ," ಎಂದಳು ಹುಡುಗಿ. "ಎರಡು ದಿನದಿಂದ ನೀವು ಹೇಳಲಿ ಅಂತಾನೂ ಬೇಡ್ಕೊಂಡಿದ್ದೀನಿ, ಹೇಳದೇ ಇರಲಿ ಅಂತಾನೂ ಬೇಡ್ಕೊಂಡಿದ್ದೀನಿ. ಬಸ್ ಬಂತು ನೋಡಿ, ನಿಮ್ಮದೇ. ಅದರ ಬ್ರೇಕು ಕಿರುಗುಟ್ಟುತ್ತೆ."

ಸೋಮವಾರ ಪ್ರಾರ್ಥನೆಗೂ ಮುಂಚೆ ಟೀಚರು ಹೆಡ್ಮಾಸ್ಟರ ಕೋಣೆಯಲ್ಲಿ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ. ಹೇಳಿ ಮುಗಿಸಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಬೆರಳಿಟ್ಟು ಗೀಟು ತೋರಿಸಿದರು.

ಹೆಡ್ಮಾಸ್ಟರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ಮಿಕ್ಕ ವಿಷಯದಲ್ಲೆಲ್ಲ ಪಾಸು, ಲೆಕ್ಕದಲ್ಲೂ ಆಗೇ ಆಗ್ತಾಳೆ ಅಂತ ನಾನು ಪತ್ರಾನೂ ಟೈಪ್ ಮಾಡಿಸಿ ಇಟ್ಟಿದ್ದೆ. ನೀವು ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು."

"ಅವಳಿಗೆ ಗೊತ್ತಾಗಿದೆ ಸಾರ್."

"ಅವಳಿಗೆ ಹೇಗೆ?"

"ಕೇಳಿಸಿತಂತೆ."

ಹೆಡ್ಮಾಸ್ಟರು ಹಾಳೆಯನ್ನು ನೋಡಿದರು, ಮೇಜಿನ ಮೇಲಿದ್ದ ಪೆನ್ನನ್ನು ನೋಡಿದರು. ಒಂದು ಚೀಟಿಯ ಮೇಲೆ ಮೈನಸ್ ಎಳೆದು ಕಿವಿಗೊಟ್ಟರು, ಪ್ಲಸ್ ಎಳೆದು ಕಿವಿಗೊಟ್ಟರು. ಅವರಿಗೇನೂ ಕೇಳಿಸಿದಂತೆ ಕಾಣಲಿಲ್ಲ.

"ಮೂರು ಅಂಕ ಕಳೆದರೆ ಹಾಸ್ಟೆಲ್ಲು," ಎಂದರು ಟೀಚರು. "ಆದರೆ ಹಾಗೆ ಕಳೆಯೋಕೆ ಬರಲ್ಲ ಸಾರ್. ಅವಳು ಹೇಳಿದ್ದನ್ನ ಅವಳಿಗೆ ಯಾರೂ ಓದಿ ಹೇಳಿಲ್ಲ. ಬೇರೆ ಮಕ್ಕಳಿಗೆ ಬರೆದ ಹಾಳೆ ನೋಡೋಕೆ ಬಿಡದೆ ಕಿತ್ಕೊಂಡ ಹಾಗೆ ಅದು. ಪರೀಕ್ಷೇನೇ ಇನ್ನೊಮ್ಮೆ ಆಗಬೇಕು. ನನ್ನ ಮೇಲೆ ಏನು ಬರೀತೀರೋ ಬರೀರಿ, ಸಹಿ ಹಾಕ್ತೀನಿ. ಅವಳ ತಾಯಿ ಹಾಕಲಿಲ್ಲವಾ?"

ಆ ಕೊನೆಯ ಮಾತು ಹೆಡ್ಮಾಸ್ಟರಿಗೆ ಚುಚ್ಚಿತು. ಆಮೇಲೆ, ಮಧ್ಯಾಹ್ನ ಎರಡಕ್ಕೆ ಮರುಪರೀಕ್ಷೆ, ಪ್ರಶ್ನೆ ತೆಗೆಯುವುದೂ ಅಂಕ ಹಾಕುವುದೂ ವಿಜ್ಞಾನದ ಮೇಷ್ಟರು, ಎಂದರು. ಬರೆದುಕೊಡುವ ಹುಡುಗಿಗೆ ಇನ್ನೂ ಜ್ವರ. ಮತ್ತೆ ಯಾರು?

"ನಾನೇ ಬರೀತೀನಿ," ಎಂದರು ಹೆಡ್ಮಾಸ್ಟರು. "ಮೂವತ್ತು ವರ್ಷ ಇತಿಹಾಸ ಹೇಳಿದವನು ನಾನು. ಈ ಎಕ್ಸ್ ಅನ್ನೋನು ಯಾರು ಅಂತ ನನಗಿನ್ನೂ ಗೊತ್ತಾಗಿಲ್ಲ. ತಿದ್ದೋಣ ಅಂದ್ರೂ ತಿದ್ದೋಕೆ ಬರಲ್ಲ."

ಎರಡಕ್ಕೆ ಹೆಡ್ಮಾಸ್ಟರ ಕೋಣೆಯ ಬಾಗಿಲು ಮುಚ್ಚಿತು. ಟೀಚರಿಗೆ ಒಳಗೆ ಪ್ರವೇಶವಿಲ್ಲ. ಅವರು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದರು. ನೋಟೀಸ್ ಬೋರ್ಡಿನ ಪಿನ್ನು ಕಿತ್ತು ಮತ್ತೆ ಚುಚ್ಚಿದರು. ಕಾಲು ಹೋಗಿ ಹೋಗಿ ನಿಂತದ್ದು ಆ ಕೋಣೆಯ ಅರೆತೆರೆದ ಕಿಟಕಿಯ ಪಕ್ಕದಲ್ಲಿ. ಗೋಡೆಗೆ ಒರಗಿದರು. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

ಮುಕ್ಕಾಲು ಗಂಟೆ ಕಳೆಯಿತು. ಹುಡುಗಿ ನಿಧಾನವಾಗಿ ಹೇಳುತ್ತಿದ್ದಳು, ಹೆಡ್ಮಾಸ್ಟರು ಒಂದೊಂದನ್ನೂ ಕೇಳಿ ಕೇಳಿ ಬರೆಯುತ್ತಿದ್ದರು. ಕೊನೆಯ ಭಾಗ ಬಂತು. ಎರಡರಲ್ಲಿ ಯಾವುದಾದರೂ ಒಂದು, ಐದು ಅಂಕಕ್ಕೆ. ಏಳು ಎಕ್ಸ್ ಮೈನಸ್ ಹದಿನೈದು ಸಮ ಇಪ್ಪತ್ತು. ಅಥವಾ ತಾಯಿ ಮಗಳ ವಯಸ್ಸಿನ ಒಂದು ಒಗಟು. ಹುಡುಗಿಗೆ ಒಗಟಿನ ಲೆಕ್ಕ ಎಂದರೆ ಭಯ. ಮೊದಲನೆಯದನ್ನೇ ಹಿಡಿದಳು.

"ಏಳು ಎಕ್ಸ್ ಸಮ ಇಪ್ಪತ್ತು ಮೈನಸ್ ಹದಿನೈದು."

ಟೀಚರು ಮನಸ್ಸಿನಲ್ಲೇ ಅಂದುಕೊಂಡರು: ವೇಷ, ವೇಷ ಬದಲಾಯಿಸು.

"ಓದಿ ಸಾರ್."

ಹೆಡ್ಮಾಸ್ಟರು ಅಕ್ಷರ ಬಿಡದೆ ಓದಿದರು. "ಏಳು ಎಕ್ಸ್ ಸಮ ಇಪ್ಪತ್ತು ಮೈನಸ್ ಹದಿನೈದು."

ಆಮೇಲೆ ಹುಡುಗಿಯ ದನಿ ಬಂತು, ಕಿಟಕಿಯ ಕಡೆಗೆ ತಿರುಗಿ.

"ಟೀಚರ್, ನೀವು ಗೋಡೆ ಕೆರೀತಿದ್ದೀರಿ."

ಟೀಚರು ತಮ್ಮ ಬಲಗೈಯನ್ನು ನೋಡಿಕೊಂಡರು. ತೋರುಬೆರಳಿನ ಉಗುರಿನೊಳಗೆ ಸುಣ್ಣ ತುಂಬಿತ್ತು. ಕಿಟಕಿಯ ಪಕ್ಕದ ಗೋಡೆಯ ಮೇಲೆ ಒಂದು ಅಡ್ಡಗೀಟು, ಅದನ್ನು ಸೀಳಿಕೊಂಡು ಒಂದು ನಿಂತ ಗೀಟು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು.

"ಸಾರ್, ಆ ಲೆಕ್ಕ ಹೊಡೆದುಹಾಕಿ," ಎಂದಳು ಒಳಗೆ ಹುಡುಗಿ. "ಒಗಟಿಂದು ಮಾಡ್ತೀನಿ. ಅದಕ್ಕೂ ಮುಂಚೆ ಟೀಚರಿಗೆ ದೂರ ಹೋಗೋಕೆ ಹೇಳಿ."

ಯಾರೂ ಹೇಳಬೇಕಾಗಿರಲಿಲ್ಲ. ಟೀಚರು ಪಡಸಾಲೆ ಇಳಿದು, ಮೈದಾನ ದಾಟಿ, ಕಾಂಪೌಂಡಿನ ತುದಿಯ ನೀರಿನ ಟ್ಯಾಂಕಿನ ತನಕ ಹೋದರು. ಅದರ ಸಿಮೆಂಟು ಕಟ್ಟೆಯ ಮೇಲೆ ಕೂತರು. ಚೇಷ್ಟೆ ಮಾಡುವ ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದ ಶಿಕ್ಷೆಯನ್ನು ತಮಗೇ ಹೇಳಿಕೊಂಡರು: ಕೈ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ್ಕೋ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಕಟ್ಟೆ ಕಾದಿತ್ತು. ಅಲ್ಲಿಂದ ಆ ಕಿಟಕಿ ಒಂದು ಪೋಸ್ಟ್ ಕಾರ್ಡಿನಷ್ಟು ಕಾಣುತ್ತಿತ್ತು. ಏನೂ ಕೇಳುತ್ತಿರಲಿಲ್ಲ.

ತನ್ನ ಬೆರಳಿನಿಂದಲೇ ಅವಳಿಗೆ ಕಷ್ಟದ ಲೆಕ್ಕ ಗಂಟುಬಿತ್ತು. ಅವಳು ತಪ್ಪು ಮಾಡಿದರೆ ಆ ತಪ್ಪು ಯಾರದು? ಹಾಸ್ಟೆಲಿನ ಪೆಟ್ಟಿಗೆಯಿಂದ ಗುಂಡಿ, ಬಟ್ಟೆ ಚೂರು ತೆಗೆದು ಮತ್ತೆ ಅವಳ ಬಟ್ಟೆ ತುಂಬುವಾಗ ಆ ತಾಯಿಗೆ ಏನು ಹೇಳುವುದು? ಎದ್ದು ಹೋಗಿ ನೋಡಬೇಕೆಂದು ಹತ್ತು ಸಲ ಅನ್ನಿಸಿತು. ಹತ್ತು ಸಲವೂ ಕೂತೇ ಇದ್ದರು. ಇಷ್ಟು ಹೊತ್ತು ಒಂದೇ ಕಡೆ ಕೂತದ್ದು ಅವರಿಗೆ ಶುಕ್ರವಾರದಿಂದೀಚೆ ಇದೇ ಮೊದಲು.

ಬಾಗಿಲು ತೆರೆಯಿತು. ವಿಜ್ಞಾನದ ಮೇಷ್ಟರು ಒಳಗೆ ಹೋದರು. ಮತ್ತೆ ಬಾಗಿಲು ಮುಚ್ಚಿತು. ಕೊನೆಗೆ ಹುಡುಗಿ ಒಬ್ಬಳೇ ಹೊರಗೆ ಬಂದಳು. ಪಡಸಾಲೆಯ ಮೆಟ್ಟಿಲನ್ನು ಕೋಲಿನಿಂದ ಎಣಿಸಿ ಇಳಿದು, ಮೈದಾನದ ಅಂಚು ಹಿಡಿದು ಟ್ಯಾಂಕಿನ ಕಡೆ ಬಂದಳು. ಕೈಯಲ್ಲಿ ಮಡಿಸಿದ ಹಾಳೆ.

"ಟ್ಯಾಂಕಿನ ಹತ್ರ ಇದ್ದೀರಿ ಅಂದ್ರು ಹೆಡ್ಮಾಸ್ಟರು," ಎಂದಳು ಹುಡುಗಿ, ಕಟ್ಟೆಯನ್ನು ಕೋಲಿನಿಂದ ಮುಟ್ಟಿ ನಿಂತು. "ಮೊದಲನೇ ಲೆಕ್ಕ ನಾನು ಹಿಡಿದಿದ್ದೆ ಟೀಚರ್. ನೀವು ಕೆರೆಯೋಕೆ ಮುಂಚೇನೇ ಹೊಳೆದಿತ್ತು ಅನ್ಸುತ್ತೆ. ಆದ್ರೆ ಮತ್ತೆ ಗ್ಯಾರಂಟಿ ಇಲ್ಲ, ಬರೀ ಅನ್ಸುತ್ತೆ ಅಂತಾನೇ ಆಯ್ತಲ್ಲ, ಅದು ಬೇಡ ಅಂತ ಬಿಟ್ಟೆ."

"ಒಗಟು?"

"ತಾಯಿ ವಯಸ್ಸು ಮಗಳ ವಯಸ್ಸಿನ ಮೂರರಷ್ಟಕ್ಕಿಂತ ಎರಡು ಕಮ್ಮಿ. ಇಬ್ಬರದೂ ಸೇರಿ ಐವತ್ತು. ನಾಲ್ಕು ಎಕ್ಸ್ ಸಮ ಐವತ್ತು ಮೈನಸ್ ಎರಡು ಅಂದೆ."

ಟೀಚರು ಕಣ್ಣು ಮುಚ್ಚಿಕೊಂಡರು.

"ಓದಿ ಸಾರ್ ಅಂದೆ. ಅವರು ಮೈನಸ್ ಎರಡು ಅಂತ ಓದಿದ್ರು. ಒಂದು ಚೂರೂ ತಿದ್ದಲಿಲ್ಲ, ಪಾಪ, ಅವರಿಗೆ ಬರೋದೂ ಇಲ್ಲ." ರೇಡಿಯೋ ಹೆಡ್ಮಾಸ್ಟರ ದನಿಯನ್ನು ಹಾಗೇ ತೆಗೆದು ತೋರಿಸಿದಳು, ಮೂರು ದಿನದ ಮೇಲೆ ಮೊದಲ ಸಲ. "ಕೇಳಿದ ಕೂಡಲೇ ಕಿವಿಗೆ ಹೊಡೀತು. ಗಡಿ ದಾಟಿದೆ, ವೇಷ ಬದಲಾಗಿಲ್ಲ. ಹೊಡೆದುಹಾಕಿ ಸಾರ್, ಪ್ಲಸ್ ಅಂದೆ. ಮಗಳಿಗೆ ಹದಿಮೂರು ಬಂತು. ನನ್ನ ವಯಸ್ಸೇ."

"ಒಟ್ಟು ಎಷ್ಟು?"

"ಮೂವತ್ತೈದೂವರೆ. ಅರ್ಧ ಅಂಕ ಕೊಡೋದ್ರಲ್ಲಿ ವಿಜ್ಞಾನದ ಮೇಷ್ಟರು ಎತ್ತಿದ ಕೈ ಅಂತೆ, ಹೆಡ್ಮಾಸ್ಟರು ಬೈತಿದ್ರು. ಬೈಕೊಂಡೇ ನಮ್ಮಮ್ಮನ ಸಹಿ ಇದ್ದ ಕಾಗದ ಹರಿದ್ರು. ಸದ್ದು ಕೇಳಿಸ್ತು." ಅವಳು ಹಾಳೆ ಮುಂದೆ ಚಾಚಿದಳು. "ನೋಡಿ, ಹೊಡೆದುಹಾಕಿರೋ ಕಡೆ ಕಾಗದ ಸ್ವಲ್ಪ ಹರಿದಿದೆ. ಕೈಗೆ ಸಿಗುತ್ತೆ."

ಟೀಚರು ಕೈ ಎತ್ತಲು ನೋಡಿದರು. ಎರಡೂ ಕೈ ಜೋಮು ಹಿಡಿದು ಮರದ ತುಂಡಿನಂತಾಗಿದ್ದವು. ಹಾಳೆಯನ್ನು ಹಿಡಿಯಲು ಬೆರಳು ಮಡಿಯಲಿಲ್ಲ.

"ನೀನೇ ಹಿಡ್ಕೊಂಡಿರು," ಎಂದರು.